ಐರನ್ ಡ್ರಿಪ್ ಹಾಕಿಸಿಕೊಳ್ಳುವವರು ತಿಳಿದಿರಬೇಕಾದದ್ದು

ರಕ್ತಹೀನತೆ ಇದೆಯೆಂದ ಮಾತ್ರಕ್ಕೆ ಐರನ್ ಡ್ರಿಪ್, ಅಂದರೆ ಕಬ್ಬಿಣಾಂಶವನ್ನು ನೇರವಾಗಿ ರಕ್ತನಾಳಕ್ಕೆ ಹನಿಸುವುದು, ಬೇಕಾಗುವುದಿಲ್ಲ. ಕಬ್ಬಿಣಾಂಶದ ಮಾತ್ರೆಯಿಂದಾಗುವ ಹೊಟ್ಟೆನೋವು, ವಾಂತಿಯನ್ನು ತಡೆಯಲಾರದವರಿಗೆ, ಕರುಳಿನ ಕಾಯಿಲೆಯಿಂದಲೋ ಜಠರದ ಶಸ್ತ್ರಚಿಕಿತ್ಸೆಯಿಂದಲೋ ಕಬ್ಬಿಣಾಂಶವನ್ನು ಹೀರಿಕೊಳ್ಳಲಾಗದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಮತ್ತು ಮಾತ್ರೆ ತುಂಬಿಕೊಡಲಾರದಷ್ಟು ರಕ್ತಸ್ರಾವವಾಗುತ್ತಿರುವವರಿಗೆ ಇದು ಸೂಕ್ತ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಒಪ್ಪಿಕೊಳ್ಳದೆ ದೇಹದಲ್ಲಿರುವ ಕಬ್ಬಿಣಾಂಶದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿರಿ. ಥಲಸೇಮಿಯಾದಂತಹ ಆನುವಂಶಿಕ ರಕ್ತದ ತೊಂದರೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೂ ದೇಹದಲ್ಲಿ ಕಬ್ಬಿಣಾಂಶ ಸಾಕಷ್ಟಿರಬಹುದು.

ಎಷ್ಟು ಬೇಕೆಂಬುದಕ್ಕೆ ಲೆಕ್ಕವಿದೆ. ದೇಹದ ತೂಕವನ್ನು ಹಿಮೋಗ್ಲೋಬಿನ್ ಕೊರತೆಯಿಂದಲೂ (ಇರಬೇಕಾದದ್ದಕ್ಕೂ ಈಗಿರುವುದಕ್ಕೂ ಇರುವ ವ್ಯತ್ಯಾಸ) 2.4ರಿಂದಲೂ ಗುಣಿಸಿ, ದಾಸ್ತಾನಿಗೆಂದು 500 ಮಿಲಿಗ್ರಾಂ ಸೇರಿಸುತ್ತಾರೆ. 60 ಕೆ.ಜಿ. ತೂಕದ ವ್ಯಕ್ತಿಯ ಹಿಮೋಗ್ಲೋಬಿನ್ 8 ಇದ್ದು ಅದನ್ನು 15ಕ್ಕೆ ಏರಿಸಬೇಕಾದರೆ ಸುಮಾರು 1,500 ಮಿಲಿಗ್ರಾಂ ಆಗುತ್ತದೆ. ಡ್ರಿಪ್‌ನಲ್ಲಿ ಕೊಡುವ ಔಷಧಿ ಐರನ್ ಸುಕ್ರೋಸ್ ಆದರೆ ಸಾಮಾನ್ಯವಾಗಿ ಒಮ್ಮೆಗೆ 200 ಮಿಲಿಗ್ರಾಂನಂತೆ ಹಲವು ಸಲ ಹೋಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೆರಡು ಸಲಕ್ಕೇ ಮುಗಿಯುತ್ತದೆ. ಯಾವ ಔಷಧಿ ಎಂಬುದನ್ನು ಮೊದಲೇ ಕೇಳಿಕೊಳ್ಳಿರಿ.

ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ. ಜ್ವರ, ಸೋಂಕು ಇದ್ದಾಗ ಮುಂದೂಡುವುದೇ ವಾಡಿಕೆ. ಆಸ್ತಮಾ ಅಥವಾ ಹಿಂದೆ ಯಾವುದೇ ಔಷಧಿಗೆ ಅಲರ್ಜಿಯಾಗಿದ್ದರೆ ಮುಚ್ಚಿಡದೆ ತಿಳಿಸಿರಿ. ಉಪವಾಸವಿರಬೇಕಾಗಿಲ್ಲ.

ಡ್ರಿಪ್ ಓಡುತ್ತಿರುವಾಗ ಸೂಜಿಯ ಜಾಗದ ಮೇಲೆ ಕಣ್ಣಿರಲಿ. ಅಲ್ಲಿ ಉರಿ, ಊತ ಅಥವಾ ಬಿಗಿತ ಕಂಡರೆ ಸಂಕೋಚಪಡದೆ ತಕ್ಷಣ ನರ್ಸ್‌ಗೆ ಹೇಳಿ ನಿಲ್ಲಿಸಿರಿ. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮದಡಿ ಚಹಾದ ಕಲೆಯಂತಹ ಕಂದು ಬಣ್ಣ ಹರಡುತ್ತದೆ. ಅದು ವರ್ಷಗಟ್ಟಲೆ, ಕೆಲವರಲ್ಲಿ ಶಾಶ್ವತವಾಗಿಯೇ ಉಳಿಯಬಹುದು. ಡ್ರಿಪ್ ಶುರುವಾದ ಕೂಡಲೇ ಮುಖ ಕೆಂಪೇರಿ ಎದೆಯೋ ಬೆನ್ನೋ ಹಿಡಿದಂತಾಗುವುದೂ ಉಂಟು. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಉಸಿರುಗಟ್ಟುವುದು, ತುಟಿ ಊದುವುದು, ಕಣ್ಣು ಕತ್ತಲೆ ಬರುವುದು ಮಾತ್ರ ತುರ್ತು ಪರಿಸ್ಥಿತಿ. ಇದು ಅಪರೂಪವಾದರೂ, ಈ ಕಾರಣಕ್ಕಾಗಿಯೇ ತುರ್ತು ಚಿಕಿತ್ಸೆಯ ಸೌಲಭ್ಯವಿಲ್ಲದ ಕಡೆ, ಅದರಲ್ಲೂ ಮನೆಯಲ್ಲಿ, ಡ್ರಿಪ್ ಹಾಕಿಸಿಕೊಳ್ಳಬಾರದು. ಮುಗಿದ ಮೇಲೂ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು.

ಮರುದಿನ ಮೈಕೈನೋವು, ತಲೆನೋವು ಬಂದರೆ ಗಾಬರಿ ಬೇಡ. ಆದರೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಪಡೆದ ನಂತರದ ವಾರಗಳಲ್ಲಿ ಸುಸ್ತು ಹೆಚ್ಚಾಗಿ ಮೂಳೆ ನೋಯತೊಡಗಿದರೆ ರಕ್ತದ ಫಾಸ್ಫೇಟ್ ಇಳಿದಿರುವ ಸಂಭವವಿದೆ, ಪರೀಕ್ಷೆ ಮಾಡಿಸಬೇಕು. ಫೆರಿಟಿನ್ ಅನ್ನು ನಾಲ್ಕು ವಾರಗಳೊಳಗೆ ನೋಡಿದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಕೆಲವೇ ತಿಂಗಳಲ್ಲಿ ಅದು ಮತ್ತೆ ಕುಸಿದರೆ ಇನ್ನೊಂದು ಡ್ರಿಪ್ ಬೇಕೆನ್ನುವ ಮೊದಲು, ರಕ್ತ ಎಲ್ಲಿಂದ ಹೋಗುತ್ತಿದೆ ಎಂಬುದನ್ನು ಪತ್ತೆಮಾಡಿಸಲು ವೈದ್ಯರನ್ನು ಒತ್ತಾಯಿಸಿರಿ.