ಲೈಮ್ ರೀಜಿಸ್‌ಗೆ ಬಿದಿಗೆ ನೋಡಿಕೊಂಡು ಹೊರಡಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಡಾರ್ಸೆಟ್ ಮುಗಿದು ಡೆವನ್ ಶುರುವಾಗುವ ಗಡಿಯಲ್ಲಿ ಲೈಮ್ ರೀಜಿಸ್ ಅನ್ನುವ ಸಣ್ಣ ಊರಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಚಾರ್ಮತ್. ಈ ಎರಡೂರುಗಳ ನಡುವಿನ ತೀರದಲ್ಲಿ ಅಗೆಯದೆ, ಒಡೆಯದೆ, ಬರಿಗೈಯಲ್ಲೇ 19–20 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಹೆಕ್ಕಬಹುದು. ಎಕ್ಸ್‌ಮತ್‌ನಿಂದ ಸ್ಟಡ್‌ಲ್ಯಾಂಡ್‌ವರೆಗಿನ 95 ಮೈಲಿ ಉದ್ದದ ಜುರಾಸಿಕ್ ಕರಾವಳಿ 2001ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರಲ್ಲಿ ಮಕ್ಕಳ ಜೊತೆ ಹೋಗಲು ಒಂದೇ ಜಾಗ ಆರಿಸು ಅಂದರೆ ನಾನು ಹೇಳುವುದು ಇದನ್ನೇ.

ರಜೆಗೆ ಹೊರಡುವವರು ಸಾಮಾನ್ಯವಾಗಿ ಮೊದಲು ರೂಮು ಬುಕ್ ಮಾಡುತ್ತಾರೆ, ಆಮೇಲೆ ಮಳೆ ಬರುತ್ತದೋ ಇಲ್ಲವೋ ನೋಡುತ್ತಾರೆ. ಉಬ್ಬರವಿಳಿತದ ಪಟ್ಟಿ ನೆನಪಾಗುವುದು ತೀರಕ್ಕೆ ಹೋಗಿ ನಿಂತ ಮೇಲೆ. ನಾನು ಮಾಡುವುದು ಇದಕ್ಕೆ ಉಲ್ಟಾ. ಮೊದಲು ತಿಥಿ ನೋಡುತ್ತೇನೆ, ಆಮೇಲೆ ಇಳಿತದ ಹೊತ್ತು, ರೂಮು ಕೊನೆಗೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ, ಅಂದರೆ ಪಾಡ್ಯ ಬಿದಿಗೆಯ ಹೊತ್ತಿಗೆ, ಸಮುದ್ರ ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿ ಕಳೆದ ನವಮಿ ದಶಮಿಗೆ ಏರಿಳಿತ ತೀರಾ ಕಡಿಮೆ. ಲೈಮ್‌ನಲ್ಲಿ ಇನ್ನೊಂದು ಅನುಕೂಲವೂ ಇದೆ. ಬಿದಿಗೆಯ ಆಸುಪಾಸಿನಲ್ಲಿ ಅಲ್ಲಿ ಪೂರ್ತಿ ಇಳಿತ ಬರುವುದು ಮಧ್ಯಾಹ್ನ, ಬೇಸಿಗೆಯಲ್ಲಾದರೆ ಗಡಿಯಾರದ ಒಂದೆರಡು ಗಂಟೆಗೆ. ಬೆಳಿಗ್ಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಟರೂ ಸಮುದ್ರ ಹಿಂದೆ ಸರಿಯುತ್ತಿರುತ್ತದೆ. ದಶಮಿಯ ಹೊತ್ತಿಗೆ ಹೋದರೆ ಇಳಿತ ಬೆಳಗಿನ ಜಾವಕ್ಕೋ ಸಂಜೆಗೋ ಬೀಳುತ್ತದೆ, ನಡುಹಗಲಿಗೆ ಅಲೆ ತೀರದಂಚಿನ ಕಡಿದಾದ ಬಂಡೆಯ ಬುಡಕ್ಕೇ ಬಡಿಯುತ್ತಿರುತ್ತದೆ. ಊರಿನ ಗೋಡೆಯ ಮೇಲೆ ನೇತಾಡುವ ಕ್ಯಾಲೆಂಡರ್ ಇಷ್ಟಕ್ಕೆ ಸಾಕು. ನಿಖರ ಸಮಯಕ್ಕೆ ಮಾತ್ರ ಅಲ್ಲಿನ ಪಟ್ಟಿಯನ್ನೇ ನೋಡಬೇಕು.

ಆ ಪಟ್ಟಿ ಓದುವಾಗ ಆಗುವ ತಪ್ಪು ಒಂದೇ. ಮುದ್ರಿತ ಪಟ್ಟಿಗಳಲ್ಲಿ ಕೆಲವು ವರ್ಷವಿಡೀ ಗ್ರೀನಿಚ್ ಸಮಯವನ್ನೇ ಕೊಡುತ್ತವೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಅದಕ್ಕೆ ಒಂದು ಗಂಟೆ ಸೇರಿಸಿಕೊಳ್ಳಬೇಕು. ಪಟ್ಟಿಯ ತಲೆಯಲ್ಲೋ ಅಡಿಯಲ್ಲೋ ಸಣ್ಣಕ್ಷರದಲ್ಲಿ ಇದನ್ನು ಬರೆದಿರುತ್ತಾರೆ, ಅದನ್ನು ಮೊದಲು ಓದಿ. ಇನ್ನೊಂದು ಲೆಕ್ಕ: ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಒಂದು ಗಂಟೆಗೆ ಇದ್ದದ್ದು ಇವತ್ತು ಎರಡರ ಹತ್ತಿರ.

ಜನ ನೀರಿಗೆ ಸಿಕ್ಕಿಬೀಳುವುದು ಯಾಕೆ ಅನ್ನುವುದಕ್ಕೆ ಹನ್ನೆರಡರ ಒಂದು ಲೆಕ್ಕವಿದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಭಾಗ ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಭಾಗ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಬಿದಿಗೆಯ ದಿನ ಒಟ್ಟು ಏರಿಕೆ 3.6 ಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಏರುವುದು ಬರೀ 30 ಸೆಂಟಿಮೀಟರ್, ಮೂರನೆಯ ಗಂಟೆಯಲ್ಲಿ 90. ನೀರು ಎಲ್ಲಿ ಏರುತ್ತಿದೆ ಅಂತ ಗೊತ್ತೇ ಆಗದ ಆ ಮೊದಲ ಗಂಟೆಯಲ್ಲಿ ಜನ ಇನ್ನೂ ಮುಂದೆ ನಡೆಯುತ್ತಾರೆ, ವಾಪಸು ತಿರುಗುವ ಹೊತ್ತಿಗೆ ದಾರಿ ಮುಚ್ಚಿರುತ್ತದೆ. ಹಾಗಾಗಿ ನಾನು ಪಾಲಿಸುವ ನಿಯಮ ಹೀಗಿದೆ: ಇಳಿತಕ್ಕೆ ಎರಡೂವರೆ ಗಂಟೆ ಮುಂಚೆ ತೀರಕ್ಕೆ ಇಳಿಯುವುದು, ಇಳಿತದ ನಿಮಿಷಕ್ಕೆ ಎಲ್ಲಿದ್ದರೂ ಹೊರಟ ಕಡೆಗೆ ತಿರುಗುವುದು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಕಲ್ಲು ಹುಡುಕುವಾಗ ಹೊತ್ತು ಹೋದದ್ದು ತಿಳಿಯುವುದೇ ಇಲ್ಲ. ಏನಾದರೂ ಆದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅನ್ನಿ. ಬಂಡೆ ಹತ್ತಿ ಪಾರಾಗುವ ಯೋಚನೆ ಬೇಡ.

ಲಂಡನ್ನಿನ ವಾಟರ್‌ಲೂದಿಂದ ಆಕ್ಸ್‌ಮಿನ್‌ಸ್ಟರ್‌ಗೆ ರೈಲು, ಅಲ್ಲಿಂದ ಬಸ್ಸು. ಲೈಮ್‌ಗೆ ಇದ್ದ ರೈಲು 1965ರಲ್ಲೇ ನಿಂತಿತು. ಕಾರಿನಲ್ಲಿ ಬರುವವರು ಆಗಸ್ಟಿನಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಟ್ಟದಿದ್ದರೆ ಸಮುದ್ರದ ಹತ್ತಿರ ಪಾರ್ಕಿಂಗ್ ಮರೆತುಬಿಡಿ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಇನ್ನೊಂದು ಮಾತು. ಲೈಮ್‌ನ ಬೀದಿಗಳು ಕಡಿದಾದ ಏರು, ಮಂಡಿ ನೋವಿನವರಿಗೆ ಬ್ರಾಡ್ ಸ್ಟ್ರೀಟ್ ಹತ್ತಿಸಬೇಡಿ. ಚಾರ್ಮತ್‌ನಲ್ಲಿ ಕಾರು ನಿಲ್ಲಿಸುವ ಜಾಗ ತೀರದ ಪಕ್ಕದಲ್ಲೇ ಇದೆ, ಕಲ್ಲು ಹುಡುಕಲು ಅಲ್ಲಿಂದಲೇ ಶುರುಮಾಡಬಹುದು. ನಮ್ಮವರು ಹೆಚ್ಚಾಗಿ ಬರುವುದು ಏಪ್ರಿಲ್, ಮೇ ರಜೆಯಲ್ಲಿ. ಆಗ ಸಮುದ್ರ ತೀರಾ ತಣ್ಣಗಿರುತ್ತದೆ, ಈಜುವ ಮಾತಿಲ್ಲ. ಆದರೆ ಪಳೆಯುಳಿಕೆಗೆ ಅದು ಆಗಸ್ಟಿಗಿಂತ ಎಷ್ಟೋ ಮೇಲು. ಚಳಿಗಾಲದ ಬಿರುಗಾಳಿಗೆ ಬಂಡೆ ಕುಸಿದು ಹೊಸ ಮಣ್ಣು ತೀರಕ್ಕೆ ಬಿದ್ದಿರುತ್ತದೆ, ಜನವೂ ಕಡಿಮೆ.

ಚಾರ್ಮತ್‌ನಲ್ಲಿ ಹೆರಿಟೇಜ್ ಕೋಸ್ಟ್ ಸೆಂಟರ್ ಇದೆ, ಹಳೆಯ ಸಿಮೆಂಟ್ ಕಾರ್ಖಾನೆಯ ಕಟ್ಟಡದಲ್ಲಿ. ತೀರಕ್ಕೆ ಇಳಿಯುವ ಮುಂಚೆ ಅಲ್ಲಿ ಕಾಲು ಗಂಟೆ ಕಳೆಯಿರಿ. ಏನು ಹುಡುಕುತ್ತಿದ್ದೇವೆ ಅನ್ನುವ ಚಿತ್ರ ಕಣ್ಣಿಗೆ ಕೂತಿರದಿದ್ದರೆ ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ. ಮೊದಲ ಸಲ ಹೋಗುವವರು ಅಲ್ಲಿಯದೋ ಲೈಮ್ ಮ್ಯೂಸಿಯಂನದೋ ಗೈಡ್ ಜೊತೆಗಿನ ನಡಿಗೆಗೆ ಮುಂಚಿತವಾಗಿ ಹೆಸರು ಕೊಡುವುದು ಒಳ್ಳೆಯದು. ಆ ದುಡ್ಡು ವ್ಯರ್ಥವಲ್ಲ.

ಸಿಗುವುದು ಮುಖ್ಯವಾಗಿ ಮೂರು. ಬಂದೂಕಿನ ಗುಂಡಿನಂತೆ ಚೂಪಾದ, ಬೆರಳುದ್ದದ ಬೆಲೆಮ್ನೈಟ್. ಇದು ಸ್ಕ್ವಿಡ್ (ಬೊಂಡಾಸ್) ಥರದ ಕಡಲ ಪ್ರಾಣಿಯ ದೇಹದೊಳಗಿದ್ದ ಗಟ್ಟಿ ಭಾಗ. ಬಾಗಿದ ಉಗುರಿನಂಥ ಗ್ರೈಫಿಯಾ ಚಿಪ್ಪು. ಮೂರನೆಯದು, ಎಲ್ಲರೂ ಹುಡುಕುವುದು, ಅಮೋನೈಟ್, ಅಂದರೆ ಅಳಿದುಹೋದ ಒಂದು ಕಡಲ ಪ್ರಾಣಿಯ ಸುರುಳಿ ಚಿಪ್ಪು. ಮನೆಯ ದೇವರ ಸಂಪುಟದಲ್ಲಿ ಸಾಲಿಗ್ರಾಮ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟಿನದೇ. ಅದೇ ಸುರುಳಿ, ಅದೇ ಏಣುಗಳು. ಅಲ್ಲಿ ಕಪ್ಪು ಕಲ್ಲಿನಲ್ಲಿ, ಇಲ್ಲಿ ಚಾರ್ಮತ್‌ನಲ್ಲಿ ಅನೇಕ ಸಲ ಪೈರೈಟ್‌ನಲ್ಲಿ, ಕಬ್ಬಿಣ ಗಂಧಕ ಕೂಡಿದ ಆ ಖನಿಜದ ಹಿತ್ತಾಳೆ ಬಣ್ಣಕ್ಕೆ. ಹೆಚ್ಚಿನವು ಒಂದೆರಡು ಸೆಂಟಿಮೀಟರ್ ಅಗಲ, ಕೆಲವು ಮೆಂತ್ಯದ ಕಾಳಿಗಿಂತ ಸ್ವಲ್ಪವೇ ದೊಡ್ಡವು.

ಇವನ್ನು ಹುಡುಕಲು ಸುತ್ತಿಗೆ ಬೇಡ, ಬಂಡೆಯ ಹತ್ತಿರ ಹೋಗುವುದೂ ಬೇಡ. ಪೈರೈಟ್ ಭಾರ. ಅಲೆ ಕಲ್ಲುಗಳನ್ನು ಕೇರಿದಂತೆ ಬೇರ್ಪಡಿಸುತ್ತದೆ, ಹಗುರವಾದದ್ದು ಮುಂದೆ ಹೋಗುತ್ತದೆ, ಭಾರವಾದದ್ದು ಒಂದೆಡೆ ನಿಲ್ಲುತ್ತದೆ. ಮರಳಿನಲ್ಲಿ ಮಿಣುಗುವ ಪೈರೈಟ್ ಚೂರುಗಳು ಗುಂಪಾಗಿ ಬಿದ್ದಿರುವ ಪಟ್ಟಿ, ದೊಡ್ಡ ಕಲ್ಲಿನ ಹಿಂಬದಿಯ ತಗ್ಗು, ಸಣ್ಣ ನೀರಿನ ತೊರೆ ತೀರಕ್ಕೆ ಹರಿಯುವ ಜಾಗ, ಇವುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತುಬಿಡಿ. ನಿಂತು ನಡೆದಾಡುತ್ತ ಹುಡುಕಿದರೆ ಸಿಗುವುದಿಲ್ಲ. ಒಂದು ತಟ್ಟೆಯಷ್ಟು ಜಾಗವನ್ನು ಐದು ನಿಮಿಷ ಬರೀ ನೋಡಿ. ಮೊದಲು ಎಲ್ಲವೂ ಬೂದು ಚೂರು. ಆಮೇಲೆ ಒಂದು ಚೂರಿನ ಅಂಚಿನಲ್ಲಿ ಸಮ ಅಂತರದ ಗೆರೆಗಳು ಕಾಣುತ್ತವೆ, ತಿರುಗಿಸಿದರೆ ಸುರುಳಿ. ಒಂದು ಸಿಕ್ಕಲ್ಲಿ ಇನ್ನೊಂದು ಇರುತ್ತದೆ, ಜಾಗ ಬಿಟ್ಟು ಏಳಬೇಡಿ. ಮಕ್ಕಳ ಕಣ್ಣು ನೆಲಕ್ಕೆ ಹತ್ತಿರ, ಅವರಿಗೇ ಮೊದಲು ಸಿಗುವುದು.

ಲೈಮ್‌ನಿಂದ ಪೂರ್ವಕ್ಕೆ ನಡೆದು ಹೋಗುವವರಿಗೆ ಎಚ್ಚರಿಕೆ. ಅಲ್ಲಿ ಊರಿನ ಹಳೆಯ ಕಸದ ಗುಡ್ಡೆ ಬಂಡೆಯ ಜೊತೆ ಕುಸಿದು ತೀರಕ್ಕೆ ಬರುತ್ತಿರುತ್ತದೆ. ತುಕ್ಕು ಹಿಡಿದ ಕಬ್ಬಿಣ ಪಳೆಯುಳಿಕೆಯಂತೆ ಮೋಸ ಮಾಡುತ್ತದೆ, ಒಡೆದ ಗಾಜು ಕೈ ಕೊಯ್ಯುತ್ತದೆ. ಮುಂದೆ ಬ್ಲ್ಯಾಕ್ ವೆನ್ ಬಂಡೆಯ ಕೆಳಗೆ ಹರಿದುಬಂದ ಕೆಸರಿನ ನಾಲಿಗೆಗಳಿರುತ್ತವೆ. ಮೇಲೆ ಒಣಗಿದ ಪದರ, ಒಳಗೆ ಮಂಡಿಯುದ್ದ ಹಸಿ ಜೇಡಿ. ಸುತ್ತು ಹಾಕಿ ಹೋಗಿ, ದಾಟಬೇಡಿ. 2008ರ ಮೇ ತಿಂಗಳಲ್ಲಿ ಈ ಎರಡೂರುಗಳ ನಡುವೆ ಸುಮಾರು 400 ಮೀಟರ್ ಉದ್ದದ ಬಂಡೆ ಒಮ್ಮೆಲೇ ಕುಸಿಯಿತು. ಮಳೆಯ ಮರುದಿನ ಬಂಡೆಯ ಬುಡದಲ್ಲಿ ಕೂತು ಬುತ್ತಿ ಬಿಚ್ಚುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಈ ತೀರವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳಾಗಿದ್ದ, ಪಳೆಯುಳಿಕೆ ಹುಡುಕಿ ಹೆಸರಾದ ಮೇರಿ ಆ್ಯನಿಂಗ್ ಕೂಡ ಕುಸಿತದಿಂದ ಕೂದಲೆಳೆಯಲ್ಲಿ ಪಾರಾದವಳು. 1833ರಲ್ಲಿ ಅವಳ ನಾಯಿ ಟ್ರೇ ಅವಳ ಕಣ್ಣೆದುರೇ ಮಣ್ಣಿನಡಿ ಸತ್ತಿತು. 1799ರಲ್ಲಿ ಬಡ ಬಡಗಿಯ ಮಗಳಾಗಿ ಇಲ್ಲೇ ಹುಟ್ಟಿ, ಹನ್ನೆರಡು ಹದಿಮೂರರ ವಯಸ್ಸಿಗೆ ಅಣ್ಣನ ಜೊತೆ ಇಕ್ತಿಯೋಸಾರಿನ ಅಸ್ಥಿಪಂಜರ ತೆಗೆದಳು, 1823ರಲ್ಲಿ ಪ್ಲೀಸಿಯೋಸಾರ್. ಎರಡೂ ಅಳಿದುಹೋದ ಕಡಲ ಸರೀಸೃಪಗಳು. ಅವಳ ಮನೆ ಇದ್ದ ಜಾಗದಲ್ಲೇ ಇವತ್ತಿನ ಮ್ಯೂಸಿಯಂ ಇದೆ. ಅವಳ ಪ್ರತಿಮೆ ನಿಂತದ್ದು 2022ರಲ್ಲಿ. ಮಕ್ಕಳನ್ನು ಅದರ ಹತ್ತಿರ ಕರೆದುಕೊಂಡು ಹೋಗದೆ ಬರಬೇಡಿ.

ಹೆಕ್ಕುವುದಕ್ಕೂ ಕಟ್ಟುಪಾಡಿದೆ. ತೀರದಲ್ಲಿ ಸಡಿಲವಾಗಿ ಬಿದ್ದದ್ದನ್ನು ತೆಗೆದುಕೊಳ್ಳಬಹುದು. ಬಂಡೆಯನ್ನು ಅಗೆಯುವುದು, ನೆಲದಲ್ಲಿ ಹುದುಗಿದ್ದನ್ನು ಕೀಳುವುದು ಮಾಡಬಾರದು. ಬೆನ್ನುಮೂಳೆಯಂಥ ಅಪರೂಪದ್ದು ಸಿಕ್ಕರೆ ಚಾರ್ಮತ್ ಸೆಂಟರಿಗೆ ಒಯ್ದು ದಾಖಲಿಸಿ. ಲೈಮ್ ಬಂದರಿನ ಕಲ್ಲುಗೋಡೆ ಕಾಬ್‌ನ ಆಚೆ, ಪಶ್ಚಿಮದ ಮನ್ಮತ್ ಬೀಚಿನಲ್ಲಿ ಕಾರಿನ ಚಕ್ರದಷ್ಟು ದೊಡ್ಡ ಅಮೋನೈಟುಗಳು ಕಲ್ಲುಹಾಸಿನಲ್ಲೇ ಅಚ್ಚಾಗಿವೆ. ಅವು ನೋಡುವುದಕ್ಕೆ ಮಾತ್ರ, ಅದೂ ಪೂರ್ತಿ ಇಳಿತದಲ್ಲಿ. ಬಿದಿಗೆಯ ದಿನ ಹೋಗಿ ಅನ್ನುವುದಕ್ಕೆ ಇದೊಂದೇ ಸಾಕು.

ನೀರು ಏರತೊಡಗಿದ ಮೇಲೆ ಕಾಬ್ ಕಡೆ ನಡೆಯಿರಿ. ಬಾಗಿದ ತೋಳಿನಂತೆ ಬಂದರನ್ನು ಕಾಯುವ ಹಳೆಯ ಕಲ್ಲಿನ ಗೋಡೆ ಅದು. ಮೇಲ್ಭಾಗ ಸಮುದ್ರದ ಕಡೆಗೆ ವಾಲಿದೆ, ಕಟಕಟೆ ಇಲ್ಲ, ಒದ್ದೆಯಾದರೆ ಜಾರುತ್ತದೆ. ಗಾಳಿ ಜೋರಿದ್ದ ದಿನ ಮಕ್ಕಳನ್ನು ಮೇಲೆ ಹತ್ತಿಸಬೇಡಿ, ಒಳಬದಿಯ ಕೆಳಗಿನ ಹಾದಿ ಸಾಕು. ಅಲ್ಲೇ ಏಡಿ ಹಿಡಿಯುವ ಆಟ. ಅಂಗಡಿಯಲ್ಲಿ ಸಿಗುವ ದಾರಕ್ಕೆ ಕೊಕ್ಕೆ ಬೇಡ, ತುದಿಗೆ ಬಲೆಯ ಸಣ್ಣ ಚೀಲ ಇರುವುದನ್ನೇ ಕೊಳ್ಳಿ. ಅದರೊಳಗೆ ಮೀನಿನ ಚೂರು ಇಟ್ಟು ತಳಕ್ಕೆ ಇಳಿಬಿಟ್ಟು ಎರಡು ಮೂರು ನಿಮಿಷ ಕಾಯಬೇಕು. ರಭಸದಿಂದ ಎಳೆದರೆ ಏಡಿ ನೀರಿನ ಮೇಲೆ ಬಂದೊಡನೆ ಕೈಬಿಡುತ್ತದೆ, ನಿಧಾನವಾಗಿ ಎತ್ತಿ. ಬಕೆಟ್ಟಿಗೆ ಸಮುದ್ರದ ನೀರೇ ಹಾಕಿ, ಒಂದಿಷ್ಟು ಕಡಲ ಪಾಚಿ ಬಿಡಿ, ನೆರಳಲ್ಲಿಡಿ, ಐದಾರಕ್ಕಿಂತ ಹೆಚ್ಚು ಏಡಿ ತುಂಬಬೇಡಿ. ನೀರು ಬದಲಿಸದಿದ್ದರೆ ಉಸಿರು ಕಟ್ಟಿ ಸಾಯುತ್ತವೆ. ಆಟ ಮುಗಿದ ಮೇಲೆ ಗೋಡೆಯ ಮೇಲಿಂದ ಎಸೆಯದೆ ನೀರಿನಂಚಿಗೆ ಒಯ್ದು ಬಕೆಟ್ ಮೆಲ್ಲಗೆ ಓರೆ ಮಾಡಿ.

ಈಜುವುದಾದರೆ ಕಾಬ್‌ನ ಮರೆಯಲ್ಲಿರುವ ಮರಳಿನ ತೀರದಲ್ಲೇ. ಆಗಸ್ಟ್, ಸೆಪ್ಟೆಂಬರಿನಲ್ಲೂ ನೀರು 17–18 ಡಿಗ್ರಿ ದಾಟುವುದು ಕಷ್ಟ. ಒಮ್ಮೆಲೇ ಧುಮುಕಿದರೆ ಉಸಿರು ಹಿಡಿದುಕೊಳ್ಳುತ್ತದೆ, ಅದು ಈಜು ಬಲ್ಲವರನ್ನೂ ಮುಳುಗಿಸುತ್ತದೆ. ಹಾಗಾದಾಗ ಕೈಕಾಲು ಬಡಿಯದೆ ಅಂಗಾತ ತೇಲಿ ಉಸಿರು ಹದಕ್ಕೆ ಬರುವ ತನಕ ಕಾಯಬೇಕು. ಇಂಗ್ಲೆಂಡಿನ ಯಾವ ತೀರಕ್ಕೆ ಹೋದರೂ ಜೀವರಕ್ಷಕರ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಗಾಳಿ ಕಡಲಿನತ್ತ ಬೀಸುತ್ತಿದೆ ಅನ್ನುವ ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಆಟಿಕೆ ನೀರಿಗೆ ಬಿಡಬೇಡಿ.

ಊಟದ ವಿಷಯ ಚಿಕ್ಕದು. ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಚಿಪ್ಸ್ ಬರೀ ಆಲೂಗಡ್ಡೆ ಅಂತ ಸಸ್ಯಾಹಾರಿಗಳು ನಂಬಿಬಿಡಬಾರದು. ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೆಲವರು ಮೀನು ಕರಿದ ಎಣ್ಣೆಯಲ್ಲೇ ಹಾಕುತ್ತಾರೆ. ಆರ್ಡರ್ ಮಾಡುವ ಮುಂಚೆ ಎರಡೂ ಪ್ರಶ್ನೆ ಕೇಳಿ, ಯಾರೂ ಬೇಸರಪಡುವುದಿಲ್ಲ. ಚಪಾತಿ ಪಲ್ಯ ಕಟ್ಟಿಕೊಂಡು ಹೋದವರು ಗೋಡೆಗೆ ಬೆನ್ನು ಕೊಟ್ಟು ಕೂರಿ. ಸೀಗಲ್ ಹಕ್ಕಿ ಬರುವುದು ಹೆಚ್ಚಾಗಿ ಹಿಂದಿನಿಂದ.

ರಾತ್ರಿ ರೂಮಿಗೆ ಬಂದು ಒಂದು ಕೆಲಸ ಬಾಕಿ. ಪೈರೈಟ್ ಅಮೋನೈಟಿನೊಳಗೆ ಉಪ್ಪು ಉಳಿದು ತೇವಾಂಶ ತಾಗಿದರೆ ಅದು ಒಳಗೊಳಗೇ ಆಮ್ಲ ಬಿಟ್ಟುಕೊಂಡು ಬಿಳಿ ಹಳದಿ ಪುಡಿಯಾಗಿ ಉದುರುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ನಲ್ಲಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಒಂದು ವಾರ. ಆಮೇಲೆ ಕಾಗದದ ಮೇಲೆ ಹರಡಿ ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಒಣಗಿಸಿ. ಪೂರ್ತಿ ಒಣಗಿದೆ ಅಂತ ಖಾತ್ರಿಯಾದ ಮೇಲೆಯೇ ಬಣ್ಣವಿಲ್ಲದ ವಾರ್ನಿಷ್ ತೆಳುವಾಗಿ ಬಳಿಯಿರಿ. ಹಸಿಯಿದ್ದಾಗ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ವಿನೆಗರ್ ತಾಗಿಸಬೇಡಿ, ಸುಣ್ಣದ ಅಂಶ ನೊರೆಯಾಗಿ ಕರಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಹೊಸ ಶೂ ಡಬ್ಬಿಯಲ್ಲಿ ಬರುವ ಪೊಟ್ಟಣವೇ ಆದೀತು. ಬೆಂಗಳೂರಿಗೋ ಮಂಗಳೂರಿಗೋ ತಂದಿದ್ದರೆ ಮಳೆಗಾಲ ಕಳೆದ ಮೇಲೆ ಡಬ್ಬಿ ತೆರೆದು ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಯಾವುದು ಪುಡಿ ಬಿಡುತ್ತಿದೆಯೋ ಅದನ್ನು ಆವತ್ತೇ ಬೇರೆ ಡಬ್ಬಿಗೆ ಹಾಕಿ, ಪೊಟ್ಟಣ ಬದಲಿಸಿ.