ಹಾಟ್ ಲ್ಯಾಬಿಗೆ ಹೊಸದಾಗಿ ಬರುವ ಭೌತವಿಜ್ಞಾನಿಗೆ

ಕ್ಯಾನ್ಸರ್ ಆಸ್ಪತ್ರೆಗೆ ಸೇರುವ ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ರೇಡಿಯೋಥೆರಪಿ ವಿಭಾಗಕ್ಕೆ ಹೋಗುತ್ತಾರೆ; ವಿಕಿರಣ ಸೂಸುವ ಔಷಧಿಯನ್ನು ಮೈಯೊಳಗೆ ಕೊಟ್ಟು ಚಿತ್ರ ತೆಗೆಯುವ, ಚಿಕಿತ್ಸೆ ಮಾಡುವ ನ್ಯೂಕ್ಲಿಯರ್ ಮೆಡಿಸಿನ್‌ಗೆ ಬರುವವರು ಕಡಿಮೆ. ಎರಡೂ ಕಡೆಯ ಭೌತಶಾಸ್ತ್ರ ಒಂದೇ ಆದರೂ ಕೆಲಸದ ಸ್ವಭಾವ ಬೇರೆ. ಅಲ್ಲಿನ ಲೀನಿಯರ್ ಆಕ್ಸಿಲರೇಟರನ್ನು ಸ್ವಿಚ್ ಆರಿಸಿ ನಿಲ್ಲಿಸಬಹುದು. ನಮ್ಮಲ್ಲಿ ವಿಕಿರಣದ ಮೂಲವು ಬೆಳಿಗ್ಗೆ ಹಾಟ್ ಲ್ಯಾಬಿನಲ್ಲಿ, ಅಂದರೆ ಈ ಔಷಧಿಗಳನ್ನು ಅಳೆದು ಸಿದ್ಧಪಡಿಸುವ ಕೋಣೆಯಲ್ಲಿ, ಸೀಸದ ಡಬ್ಬಿಯಲ್ಲಿದ್ದು, ಹತ್ತು ಗಂಟೆಗೆ ಸಿರಿಂಜಿಗೆ, ಆಮೇಲೆ ರೋಗಿಯ ರಕ್ತಕ್ಕೆ, ಮಧ್ಯಾಹ್ನದ ಹೊತ್ತಿಗೆ ಶೌಚಾಲಯದ ಕೊಳವೆಗೆ ಸೇರುತ್ತದೆ, ಮತ್ತು ಈ ದಾರಿಯುದ್ದಕ್ಕೂ ಕ್ಷಣಕ್ಷಣಕ್ಕೂ ಕರಗುತ್ತಲೇ, ಅಂದರೆ ತನ್ನಷ್ಟಕ್ಕೇ ವಿಕಿರಣ ಕಳೆದುಕೊಳ್ಳುತ್ತಲೇ, ಇರುತ್ತದೆ. ಆದ್ದರಿಂದ ಹೊಸಬರಿಗೆ ಮೊದಲ ದಿನ ನಾನು ಹೇಳುವುದು ಒಂದೇ ಮಾತು: ಪಕ್ಕದಲ್ಲಿ ಗಂಟೆ-ನಿಮಿಷ ಇಲ್ಲದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಡಿ.

ಅರ್ಹತೆಯ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಪಡೆಯುವುದು ಹಳೆಯ ದಾರಿ. ಮೆಡಿಕಲ್ ಫಿಸಿಕ್ಸಿನಲ್ಲೇ ಸ್ನಾತಕೋತ್ತರ ಪದವಿ ಪಡೆಯುವುದು ಇನ್ನೊಂದು. ವಿಕಿರಣ ಸುರಕ್ಷತಾಧಿಕಾರಿ, ಅಂದರೆ ಆರ್‌ಎಸ್‌ಒ, ಎಂದು ಸಹಿ ಹಾಕಬೇಕಾದರೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ನಾವೆಲ್ಲ ಎಇಆರ್‌ಬಿ ಎನ್ನುವ ಸಂಸ್ಥೆಯ, ಅನುಮೋದನೆ ಬೇಕು. ಅದರ ಅರ್ಜಿಗಳೆಲ್ಲ ಇ-ಲೋರಾ ಎಂಬ ಜಾಲವ್ಯವಸ್ಥೆಯ ಮೂಲಕವೇ ಹೋಗುತ್ತವೆ. ಅದರ ಪಾಸ್‌ವರ್ಡನ್ನು ನೀವೇ ಇಟ್ಟುಕೊಳ್ಳಿ, ಆಡಳಿತ ಕಚೇರಿಯ ಕಪಾಟಿನಲ್ಲಿ ಬಿಡಬೇಡಿ.

ದಿನದ ಕೆಲಸ ರೋಗಿ ಬರುವ ಮೊದಲೇ ಶುರುವಾಗಬೇಕು. ಔಷಧಿಯ ವಿಕಿರಣವನ್ನು ಅಳೆಯುವ ಡೋಸ್ ಕ್ಯಾಲಿಬ್ರೇಟರಿನೊಳಗೆ ಸೀಸಿಯಂ-137ರ ಮೂಲವನ್ನು ಇಳಿಸಿ ಓದಿರಿ. ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷವಾದ್ದರಿಂದ ನಿನ್ನೆಯ ಅಂಕಿಗೂ ಇಂದಿನದಕ್ಕೂ ವ್ಯತ್ಯಾಸ ಕಾಣಬಾರದು, ಶೇ. 5ಕ್ಕಿಂತ ಹೆಚ್ಚು ಸರಿದಿದ್ದರೆ ನಾನು ಆ ಉಪಕರಣದಿಂದ ಯಾರಿಗೂ ಡೋಸ್ ಅಳೆಯಲು ಬಿಡುವುದಿಲ್ಲ. ಓದಿದ ಮೇಲೆ ಐಸೊಟೋಪಿನ, ಅಂದರೆ ಅಳೆಯುವ ವಿಕಿರಣ ವಸ್ತುವಿನ, ಗುಂಡಿಯನ್ನು ಸರಿಯಾದ ಕಡೆಗೆ ಬದಲಾಯಿಸಿದ್ದೀರಾ ಎಂದು ಮತ್ತೊಮ್ಮೆ ನೋಡಿ. ಟೆಕ್ನೀಷಿಯಂಗೆ ಇಟ್ಟ ಗುಂಡಿಯಲ್ಲೇ ಫ್ಲೋರಿನ್-18 ಅಳೆದರೆ ಪರದೆಯ ಮೇಲೆ ಒಂದು ಅಂಕಿ ಬಂದೇ ಬರುತ್ತದೆ, ಆದರೆ ಆ ಅಂಕಿಗೆ ಅರ್ಥವಿರುವುದಿಲ್ಲ.

ಅನಂತರ ರೋಗಿಯ ಮೈಯಿಂದ ಹೊರಬರುವ ಕಿರಣಗಳಿಂದ ಚಿತ್ರ ತೆಗೆಯುವ ಗಾಮಾ ಕ್ಯಾಮೆರಾ. ಕೋಬಾಲ್ಟ್-57ರ ಹಾಳೆಯನ್ನು ಡಿಟೆಕ್ಟರಿನ ಮೇಲಿಟ್ಟು ಏಕರೂಪತೆಯ ಚಿತ್ರ ತೆಗೆಯುವಾಗ ಕಂಪ್ಯೂಟರು ಕೊಡುವ ಶೇಕಡಾವಾರು ಅಂಕಿ ಮಿತಿಯೊಳಗಿದೆ ಎಂದು ಸುಮ್ಮನಾಗಬೇಡಿ. ಚಿತ್ರವನ್ನು ಕಣ್ಣಿಂದ ನೋಡಿ. ಒಮ್ಮೊಮ್ಮೆ ಅಂಕಿ ಪಾಸಾಗಿರುತ್ತದೆ, ಆದರೆ ಚಿತ್ರದ ಒಂದು ಮೂಲೆಯಲ್ಲಿ ಒಣಗಿದ ನೀರಿನ ಕಲೆಯಂಥ ಮಸುಕು ವೃತ್ತವೊಂದು ಇರುತ್ತದೆ. ಅದು ಡಿಟೆಕ್ಟರಿನೊಳಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ, ಈಗ ಸೊರಗುತ್ತಿರುವ ಫೋಟೋಮಲ್ಟಿಪ್ಲಯರ್ ಟ್ಯೂಬು. ಅದೇ ಕಲೆ ನಾಳೆ ಯಾರದೋ ಬೋನ್ ಸ್ಕ್ಯಾನಿನಲ್ಲಿ ಪಕ್ಕೆಲುಬಿನ ಮೇಲೆ ಬಿದ್ದರೆ ವರದಿಯೇ ಬದಲಾದೀತು. ಹೊರಗೆ ಹದಿನಾಲ್ಕು ಜನ ಕಾಯುತ್ತಿರುವಾಗ ಯಂತ್ರ ನಿಲ್ಲಿಸಿ ಎಂದು ಹೇಳುವುದು ಸುಲಭವಲ್ಲ. ಆದರೆ ನಿಮ್ಮ ಸಂಬಳದ ಬಹುಪಾಲು ಸಂದಾಯವಾಗುವುದು ಆ ಮಾತಿಗೇ ಎಂದು ನನ್ನ ತಿಳಿವಳಿಕೆ.

ಟೆಕ್ನೀಷಿಯಂ-99ಎಂ ಬರುವುದು, ಮಾಲಿಬ್ಡಿನಂ ಕರಗಿ ಟೆಕ್ನೀಷಿಯಂ ಆಗುವ ಸಾಧನವಾದ ಮಾಲಿಬ್ಡಿನಂ ಜನರೇಟರಿನಿಂದ. ತಾಯಿ ಐಸೊಟೋಪಾದ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ, ಮಗಳದು 6 ಗಂಟೆ. ವಾರದ ಕೊನೆಗೆ ಜನರೇಟರಿನ ಶಕ್ತಿ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಅಪಾಯಿಂಟ್‌ಮೆಂಟ್ ಪಟ್ಟಿ ಮಾಡಿ. ದ್ರವವನ್ನು ಇಳಿಸಿಕೊಂಡ ಕೂಡಲೇ ಮಾಲಿಬ್ಡಿನಂ ಸೋರಿಕೆಯ ಪರೀಕ್ಷೆ ಆಗಬೇಕು: ಸೀಸೆಯನ್ನು ದಪ್ಪ ಸೀಸದ ಕವಚದಲ್ಲಿಟ್ಟರೆ ಟೆಕ್ನೀಷಿಯಂನ 140 ಕೆಇವಿ (ಕಿರಣದ ಶಕ್ತಿಯ ಅಳತೆ) ಕಿರಣಗಳು ಒಳಗೇ ಉಳಿದು, ಮಾಲಿಬ್ಡಿನಂನ 740 ಕೆಇವಿ ಕಿರಣಗಳು ಹೊರಬರುತ್ತವೆ. ಒಂದು ಮಿಲಿಕ್ಯೂರಿ (ವಿಕಿರಣ ಪ್ರಮಾಣದ ಅಳತೆ) ಟೆಕ್ನೀಷಿಯಂಗೆ 0.15 ಮೈಕ್ರೊಕ್ಯೂರಿ ಮಾಲಿಬ್ಡಿನಂ ಎಂಬುದು ಮಿತಿ. ಹೊಸಬರು ಮರೆಯುವ ಸಂಗತಿಯೆಂದರೆ ಈ ಮಿತಿ ರೋಗಿಗೆ ಚುಚ್ಚುವ ಹೊತ್ತಿಗೆ ಅನ್ವಯಿಸುತ್ತದೆ. ಮಗಳು ಬೇಗ ಕರಗಿ ತಾಯಿ ಉಳಿಯುವುದರಿಂದ, ಬೆಳಿಗ್ಗೆ 8ಕ್ಕೆ 0.10 ಇದ್ದದ್ದು ಮಧ್ಯಾಹ್ನ 2ಕ್ಕೆ ಹೆಚ್ಚುಕಡಿಮೆ 0.19 ಆಗಿರುತ್ತದೆ.

ಪೆಟ್-ಸಿಟಿ ಕೊಠಡಿಯಲ್ಲಿ ಗಡಿಯಾರದ ಆಳ್ವಿಕೆ ಇನ್ನೂ ಬಿಗಿ. ಅಲ್ಲಿ ಸಕ್ಕರೆಗೆ ಅಂಟಿಸಿ ಚುಚ್ಚುವ ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಅದನ್ನು ತಯಾರಿಸುವ ಸ್ವಂತ ಸೈಕ್ಲೋಟ್ರಾನ್ ಇಲ್ಲದ ಬೆಂಗಳೂರಿನ ಆಸ್ಪತ್ರೆಗೆ ಅದು ರಸ್ತೆಯಲ್ಲಿ ಬರಬೇಕು, ಸಿಗ್ನಲ್ಲಿನಲ್ಲಿ ನಿಂತ ವ್ಯಾನಿನೊಳಗೂ ಅದು ಕರಗುತ್ತಿರುತ್ತದೆ. ನಾನು ಮೊದಲು ಕೆಲಸ ಮಾಡಿದ ಕಡೆ ಒಮ್ಮೆ ಹೀಗಾಯಿತು: ವಿದ್ಯುತ್ ಹೋಗಿ ಬಂದ ಮೇಲೆ ಸ್ಕ್ಯಾನರಿನ ಗಡಿಯಾರ ಹಾಟ್ ಲ್ಯಾಬಿನ ಗಡಿಯಾರಕ್ಕಿಂತ 11 ನಿಮಿಷ ಮುಂದೆ ಓಡುತ್ತಿತ್ತು, ನಾನು ಗಮನಿಸಲಿಲ್ಲ. ಚುಚ್ಚಿ 60 ನಿಮಿಷವಾಗಿದ್ದ ರೋಗಿಗೆ 71 ನಿಮಿಷವಾಗಿದೆ ಎಂದು ಯಂತ್ರ ತಿಳಿಯಿತು. ಗಡ್ಡೆ ಹೀರಿಕೊಂಡ ಸಕ್ಕರೆಯ ಅಳತೆಯಾದ ಎಸ್‌ಯುವಿ ಸುಮಾರು ಶೇ. 7 ಹೆಚ್ಚಾಗಿ ಬಂತು. ಕೀಮೋಥೆರಪಿಯ ನಡುವೆ ಗಡ್ಡೆ ಇಳಿದಿದೆಯೋ ಇಲ್ಲವೋ ಎಂದು ನೋಡಲು ಬಂದಿದ್ದ ರೋಗಿಗಳ ಚಿತ್ರಗಳನ್ನೆಲ್ಲ ನಾವು ಮತ್ತೆ ಲೆಕ್ಕ ಹಾಕಬೇಕಾಯಿತು. ಅಂದಿನಿಂದ ಬೆಳಿಗ್ಗೆ ಕ್ಯಾಲಿಬ್ರೇಟರ್, ಸ್ಕ್ಯಾನರ್, ಇಂಜೆಕ್ಷನ್ ಕೊಠಡಿ, ಈ ಮೂರು ಗಡಿಯಾರಗಳನ್ನೂ ತಾಳೆ ನೋಡಿ ಸಹಿ ಹಾಕುವ ಕಾಲಮ್ಮು ನನ್ನ ರಿಜಿಸ್ಟರಿನಲ್ಲಿದೆ. ಚುಚ್ಚಿದ ಮೇಲೆ ಖಾಲಿ ಸಿರಿಂಜನ್ನೂ ಅಳೆಯಿರಿ. 10 ಮಿಲಿಕ್ಯೂರಿಯಲ್ಲಿ ಅರ್ಧ ಮಿಲಿಕ್ಯೂರಿ ಅದರಲ್ಲೇ ಉಳಿದಿದ್ದರೆ, ಕಳೆಯದೆ ಬಿಟ್ಟಾಗ ಎಸ್‌ಯುವಿ ಶೇ. 5 ಕಡಿಮೆ ತೋರುತ್ತದೆ.

ನಿಮ್ಮ ಸ್ವಂತ ರಕ್ಷಣೆಯ ಬಗ್ಗೆ ಎರಡು ಮಾತು ಸಾಕು. ಎಕ್ಸ್‌ರೇ ವಿಭಾಗದ ಸೀಸದ ಏಪ್ರನ್ ಫ್ಲೋರಿನ್-18ರ 511 ಕೆಇವಿ ಕಿರಣಗಳ ಎದುರು ಬಹುಮಟ್ಟಿಗೆ ಬೆನ್ನುನೋವಿನ ಸಾಧನ. ಟಂಗ್‌ಸ್ಟನ್ ಸಿರಿಂಜ್ ಕವಚ, ಚುರುಕು ಕೈ ಮತ್ತು ಒಂದು ಹೆಜ್ಜೆ ಹಿಂದೆ ಸರಿಯುವ ಅಭ್ಯಾಸ, ಇವು ಕಾಪಾಡುತ್ತವೆ. ನೀವು ಪಡೆದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ ಬ್ಯಾಡ್ಜನ್ನು ಕೋಟಿನ ಸಮೇತ ಹಾಟ್ ಲ್ಯಾಬಿನ ಮೊಳೆಗೆ ನೇತುಹಾಕಿ ಊಟಕ್ಕೆ ಹೋಗಬೇಡಿ. ಕೋಟು ಪಡೆದ ಡೋಸಿಗೆ ನೀವು ವಿವರಣೆ ಬರೆಯಬೇಕಾಗುತ್ತದೆ.

ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕುಡಿಸುವ ವಾರ್ಡು ಈ ಕೆಲಸದ ಅತ್ಯಂತ ಸೂಕ್ಷ್ಮ ಭಾಗ. ನೆಲದ ಮೇಲೆ ಟೇಪಿನಿಂದ ರೋಗಿ ನಿಲ್ಲುವ ಜಾಗವನ್ನೂ ಅಲ್ಲಿಂದ ಒಂದು ಮೀಟರ್ ದೂರದಲ್ಲಿ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿಯುವ ಜಾಗವನ್ನೂ ಗುರುತು ಮಾಡಿ. ಔಷಧಿ ಕುಡಿದ ಸ್ವಲ್ಪ ಹೊತ್ತಿನಲ್ಲಿ, ಇನ್ನೂ ಮೂತ್ರಕ್ಕೆ ಹೋಗುವ ಮೊದಲು ತೆಗೆದ ಓದು ನಿಮ್ಮ ನೂರಕ್ಕೆ ನೂರು. ಮುಂದಿನ ಓದುಗಳನ್ನೆಲ್ಲ ಅದೇ ಮೀಟರಿನಿಂದ, ಅದೇ ಟೇಪಿನ ಮೇಲೆ, ಮೂತ್ರ ವಿಸರ್ಜನೆಯ ನಂತರ ತೆಗೆದು ಅದರೊಡನೆ ಹೋಲಿಸಿ. ಅಯೋಡಿನ್ನಿನ ಭೌತಿಕ ಅರ್ಧಾಯು 8 ದಿನವಾದರೂ, ಥೈರಾಯ್ಡ್ ತೆಗೆದ ರೋಗಿಯ ಮೈಯಿಂದ ಅದನ್ನು ಖಾಲಿ ಮಾಡುವುದು ಮೂತ್ರಪಿಂಡ. ಬಹಳಷ್ಟು ಜನರಲ್ಲಿ ಎರಡು-ಮೂರು ದಿನಕ್ಕೆ ಓದು ಬಿಡುಗಡೆಯ ಮಿತಿಗೆ, ಅಂದರೆ ಒಂದು ಮೀಟರಿನಲ್ಲಿ ಗಂಟೆಗೆ 50 ಮೈಕ್ರೊಸೀವರ್ಟಿಗೆ (ಮೈಗೆ ತಾಗುವ ವಿಕಿರಣದ ಅಳತೆ), ಇಳಿಯುತ್ತದೆ. ಎರಡನೆಯ ದಿನವೂ ಇಳಿಯದಿದ್ದರೆ ಮೀಟರನ್ನು ಅನುಮಾನಿಸುವ ಮೊದಲು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ವರದಿಯನ್ನು ಕೇಳಿ.

ಆದರೆ 50 ಬಂತೆಂದು ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಮುಗಿಯಲಿಲ್ಲ. ರೋಗಿ ಹೇಗೆ ಊರಿಗೆ ಹೋಗುತ್ತಾರೆಂದು ಕೇಳಿ. ಕಲಬುರಗಿಗೋ ಬೀದರಿಗೋ ರಾತ್ರಿ ಬಸ್ಸಿನಲ್ಲಿ ಎಂದರೆ ಲೆಕ್ಕ ಹಾಕಿ: ಒಂದು ಮೀಟರ್ ದೂರದಲ್ಲಿ ಹತ್ತು ಗಂಟೆ ಕುಳಿತವರಿಗೇ ಸುಮಾರು ಅರ್ಧ ಮಿಲಿಸೀವರ್ಟ್ ಆಯಿತು; ಪಕ್ಕದ ಸೀಟಿನಲ್ಲಿ ಒಂದು ಅಡಿಯೂ ಅಂತರವಿಲ್ಲ, ಸಾರ್ವಜನಿಕರ ವರ್ಷದ ಮಿತಿ ಇರುವುದೇ 1 ಮಿಲಿಸೀವರ್ಟ್. ಇನ್ನೊಂದು ದಿನ ಇಟ್ಟುಕೊಳ್ಳುವುದೋ, ಹಿಂದಿನ ಸಾಲಿನ ಎರಡು ಸೀಟು ಒಬ್ಬರಿಗೇ ಕಾಯ್ದಿರಿಸುವುದೋ, ಡೋಸ್ ಕೊಡುವ ಮೊದಲೇ ತೀರ್ಮಾನವಾಗಿರಲಿ. ಮನೆಯಲ್ಲಿ ಕೂಸಿದೆಯೇ, ಯಾರಾದರೂ ಬಸುರಿ ಇದ್ದಾರೆಯೇ, ಮಲಗಲು ಬೇರೆ ಕೋಣೆ ಇದೆಯೇ ಎಂಬುದನ್ನೂ ಆಗಲೇ ಕೇಳಿ. ಒಂದೇ ಕೋಣೆಯ ಮನೆಯವರಿಗೆ ಪ್ರತ್ಯೇಕ ಕೊಠಡಿಯಲ್ಲಿ ಮಲಗಿ ಎಂದು ಬರೆದಿರುವ ಅಚ್ಚಿನ ಹಾಳೆ ಕೊಟ್ಟು ಕಳುಹಿಸುವುದು ಸಲಹೆಯಲ್ಲ.

ಲ್ಯುಟೀಷಿಯಂ-177ರ ಚಿಕಿತ್ಸೆಗೂ ಇದೇ ಶಿಸ್ತು. ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಗೆ ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿಲಿಕ್ಯೂರಿಯಂತೆ ನಾಲ್ಕು ಸುತ್ತು ಕೊಡುವಾಗ, ಮರುದಿನ ಮತ್ತು ನಾಲ್ಕನೆಯ ದಿನ ಚಿತ್ರ ತೆಗೆದು ಮೂತ್ರಪಿಂಡಕ್ಕೆ ಸೇರಿದ ಡೋಸನ್ನು ಅಂದಾಜಿಸಿ. ರೋಗಿಯನ್ನು ನಾಲ್ಕನೆಯ ದಿನ ಮತ್ತೆ ಕರೆಸುವುದು ಕಷ್ಟ, ಆದರೂ ಕೇಳಿಕೊಳ್ಳಿ.

ಕೊನೆಗೆ ಕಸ. ಅಯೋಡಿನ್ ವಾರ್ಡಿನ ಟೂತ್‌ಬ್ರಷ್, ತಟ್ಟೆ, ದಿಂಬಿನ ಕವರು ಇವನ್ನೆಲ್ಲ ಚೀಲಕ್ಕೆ ಹಾಕಿ ಕಟ್ಟಿ, ಐಸೊಟೋಪು, ತಾರೀಕು ಮತ್ತು ಹೊರಮೈಯ ಓದನ್ನು ಬರೆದು ವಿಕಿರಣ ಕರಗುವವರೆಗೆ ಕಸ ಕಾಯಿಸುವ ಕೋಣೆಯಲ್ಲಿಡಿ. ಹತ್ತು ಅರ್ಧಾಯು, ಅಂದರೆ 80 ದಿನ ಕಳೆದರೆ ಸಾವಿರದ ಒಂದು ಪಾಲು ಉಳಿಯುತ್ತದೆ. ಆಗ ಚೀಲವನ್ನು ಆ ಕೋಣೆಯಿಂದ ದೂರ ಒಯ್ದು ಅಳೆದು, ಓದು ಹಿನ್ನೆಲೆಗಿಂತ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಂಡು, ಹೊರಗೆ ಹಾಕುವ ಮೊದಲು ಅದರ ಮೇಲಿನ ವಿಕಿರಣದ ಚೀಟಿಯನ್ನು ಕಿತ್ತು ಹರಿಯಿರಿ. ಇಲ್ಲವಾದರೆ ಕಸದ ಲಾರಿಯವರು ಆ ಮೂರು ಎಸಳಿನ ಗುರುತನ್ನು ನೋಡಿ, ಏನೂ ಇಲ್ಲದ ಚೀಲವನ್ನು ರಸ್ತೆಯ ಮಧ್ಯೆ ಇಳಿಸಿ ನಿಮಗೆ ಫೋನ್ ಮಾಡುತ್ತಾರೆ.