ಹಳೆ ದವಾಖಾನೆಯ ಕಡತ

ಯಾದಗಿರಿ ಜಿಲ್ಲೆಯ ಒಂದು ನಗರಸಭೆಯಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ ನನ್ನ ಮೇಜಿಗೆ ಬಂದ ಕಡತಗಳಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದು ಹಳೆ ಹೆರಿಗೆ ದವಾಖಾನೆಯದು. ಒಳಗಿದ್ದದ್ದು ಎರಡೇ ಹಾಳೆ. ದವಾಖಾನೆ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋದಾಗ ಬೀಗದ ಕೈ ಪಡೆದುಕೊಂಡ ರಸೀದಿ ಒಂದು; ‘ನಿರುಪಯುಕ್ತ ಕಟ್ಟಡವನ್ನು ಹರಾಜು ಹಾಕಿ, ಬಂದ ಹಣದಲ್ಲಿ ಮಳಿಗೆ ಕಟ್ಟಬೇಕು’ ಎಂಬ ಸಾಮಾನ್ಯ ಸಭೆಯ ಠರಾವು ಇನ್ನೊಂದು. ಜಾಗ ಬಜಾರಿನ ಬೆನ್ನಿಗೇ ಇತ್ತು. ಸದಸ್ಯರು ಚದರಡಿಯ ದರವನ್ನು ಸಭೆಯಲ್ಲೇ ಗುಣಿಸಿ ಮುಗಿಸಿದ್ದರು.

ಠರಾವು ಆದ ಮಾತ್ರಕ್ಕೆ ಮಾರಲು ಬರುವುದಿಲ್ಲ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ 72ನೇ ಪ್ರಕರಣದ ಪ್ರಕಾರ ಇಂಥ ಸ್ಥಿರಾಸ್ತಿ ಮಾರಲು, ದೀರ್ಘಾವಧಿಗೆ ಗುತ್ತಿಗೆ ಕೊಡಲು ಸರ್ಕಾರದ ಪೂರ್ವಾನುಮತಿ ಬೇಕು. ಪ್ರಸ್ತಾವನೆ ಕಳಿಸಬೇಕಾದರೆ ಅಳತೆ ಬೇಕು, ಮೂಲ ದಾಖಲೆ ಬೇಕು. ನಮ್ಮ ಆಸ್ತಿ ವಹಿಯಲ್ಲಿ ಇದ್ದದ್ದು ಒಂದು ಸಾಲು: ‘ಹಳೆ ದವಾಖಾನೆ, ಕಲ್ಲಿನ ಕಟ್ಟಡ, ಖುಲ್ಲಾ ಜಾಗ ಸಹಿತ.’

ದಾಖಲೆ ಕೋಣೆಯಲ್ಲಿ ಮೂರು ದಿನ ಧೂಳು ಕುಡಿದ ಮೇಲೆ ಒಂದು ಉರ್ದು ಹಾಳೆ ಸಿಕ್ಕಿತು. 1948ರ ಸೆಪ್ಟೆಂಬರ್ ತನಕ ಈ ಭಾಗ ನಿಜಾಮರದು, ಕಚೇರಿಯ ಬರವಣಿಗೆಯೆಲ್ಲ ಉರ್ದುವಿನಲ್ಲಿ. ನಮ್ಮಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲ. ನಿವೃತ್ತ ಉರ್ದು ಮಾಸ್ತರರೊಬ್ಬರ ಮನೆಗೆ ಹೋದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳನ್ನು ಬಲದಿಂದ ಎಡಕ್ಕೆ ಎಳೆಯುತ್ತ ಓದಿದರು. ಮೇಲೆ ನಿಜಾಮರ ಕಚೇರಿಯ ವರ್ಷದ ಲೆಕ್ಕದಲ್ಲಿ ‘ಫಸಲಿ 1346’ ಎಂದಿತ್ತು. “590 ಕೂಡಿಸಿರಿ ಸಾಹೇಬರೇ, ಇಸವಿ ಸಿಗುತ್ತದೆ” ಎಂದರು. 1936. ಅದೊಂದು ದಾನಪತ್ರ. ಊರಿನ ಸಾಹುಕಾರರೊಬ್ಬರು ಜಾಗವನ್ನು ‘ಹೆಂಗಸರ ಉಪಯೋಗಕ್ಕೆ’ ಎಂದು ಬಿಟ್ಟುಕೊಟ್ಟಿದ್ದರು. ಚೆಕ್ಕುಬಂದಿಯೂ ಇತ್ತು: ಪೂರ್ವಕ್ಕೆ ಬೇವಿನ ಮರ, ಪಶ್ಚಿಮಕ್ಕೆ ಬಾವಿ. ಮರ ಯಾವಾಗಲೋ ಹೋಗಿತ್ತು. ಬಾವಿಯ ಮೇಲೆ ಯಾರದೋ ಗೋದಾಮು ಎದ್ದಿತ್ತು. ನಮ್ಮ ಕಾನೂನು ಸಲಹೆಗಾರರು ಹಾಳೆ ನೋಡಿ, “ಮಾರಿದರೆ ಕೊಂಡವನೂ ನಾವೂ ಇಬ್ಬರೂ ಕೋರ್ಟಿನ ಮೆಟ್ಟಿಲು ಸವೆಸಬೇಕಾಗುತ್ತದೆ” ಎಂದರು. ನನಗೆ ಒಳಗೊಳಗೆ ಸಮಾಧಾನವೇ ಆಯಿತು, ಸುಳ್ಳೇಕೆ.

‘ನಿರುಪಯುಕ್ತ’ ಎಂಬ ಪದದ ಮೇಲೂ ಅನುಮಾನವಿತ್ತು. ಕಚೇರಿ ಮುಗಿಸಿ ನಾಲ್ಕು ಸಂಜೆ, ಒಂದು ಬೆಳಿಗ್ಗೆ ಆ ಕಟ್ಟೆಯ ಮೇಲೆ ಕುಳಿತು ಬಂದುಹೋಗುವವರನ್ನು ಬರೆದುಕೊಂಡೆ. ಹಣ್ಣಿನವರು ರಾತ್ರಿ ತಳ್ಳುಗಾಡಿ ನಿಲ್ಲಿಸುತ್ತಿದ್ದರು. ಶಾಲೆಯ ಮಕ್ಕಳಿಗೆ ಅದು ಅಡ್ಡದಾರಿ. ಬೆಳಗಿನ ಕಸ ಗುಡಿಸಿ ಬಂದ ಪೌರಕಾರ್ಮಿಕ ಹೆಂಗಸರು ಪೊರಕೆಗಳನ್ನು ಗೋಡೆಗೆ ಒರಗಿಸಿ, ವರಾಂಡದಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಹೊರಗೆ ಸುಡುವ ಬಿಸಿಲು. ಒಳಗೆ ದಪ್ಪ ಕಲ್ಲುಗೋಡೆ, ಕಾಲಿಗೆ ತಣ್ಣಗೆ ಹತ್ತುವ ಶಹಾಬಾದ್ ಫರಸಿ. “ಇದನ್ನು ಮಾರಿದರೆ ನಾವು ರೊಟ್ಟಿ ಎಲ್ಲಿ ತಿನ್ನಬೇಕು ಸಾಹೇಬರೇ?” ಎಂದು ಅವರಲ್ಲಿ ಹಿರಿಯಳು ಕೇಳಿದಳು. ಅವರು ನಮ್ಮದೇ ನೌಕರರು, ಅವರಿಗೆ ಕೂರಲು ನಾವೇ ಒಂದು ಕೋಣೆ ಕೊಟ್ಟಿರಲಿಲ್ಲ.

ನಿರ್ಧರಿಸದೆ ಬಿಟ್ಟರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ರದ್ದಾಯಿತು. ಅದನ್ನು ವಸೂಲಿ ಮಾಡುತ್ತಿದ್ದ ನಾಕಾಗಳಿಗೆ ಕೆಲಸ ಉಳಿಯಲಿಲ್ಲ. ಕಲಬುರಗಿಯಲ್ಲಿ ಶಹಾಬಜಾರ ನಾಕಾ ಎಂದು ಜನ ಇಂದಿಗೂ ಹೆಸರು ಹೇಳುತ್ತಾರೆ. ನಮ್ಮ ಊರಿನ ನಾಕಾ ಕೋಣೆಯಂತೂ ಯಾವ ಠರಾವೂ ಇಲ್ಲದೆ ಚಹಾದಂಗಡಿಯಾಯಿತು, ಆಮೇಲೆ ಅಂಗಡಿಯವನ ಸ್ವಂತದ್ದೇ ಆಯಿತು.

ನನ್ನ ತಪ್ಪನ್ನೂ ಹೇಳಬೇಕು. ಶಿಥಿಲಾವಸ್ಥೆಯ ಪರಿಶೀಲನೆಗೆ ಬಂದ ಎಂಜಿನಿಯರ್ ಹಿಂದಿನ ವಾರ್ಡಿನ ಚಾವಣಿ ಅಪಾಯಕಾರಿ ಎಂದು ಬರೆದು, ಸವಕಳಿ ಕಳೆದು ಕಟ್ಟಡಕ್ಕೆ ಬೆಲೆಯೇ ಇಲ್ಲವೆಂಬಂತೆ ಮೊತ್ತ ಹಾಕಿದರು. ನಾನೂ ನಂಬಿದೆ. ಮರುವಾರ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬಂದು ತೊಲೆಗೆ ಮೊಳೆ ಚುಚ್ಚಿ ನೋಡಿದ, ಚಾಕುವಿನಿಂದ ಬಣ್ಣ ಕೆರೆದು ಮೂಸಿದ. “ಸಾಗವಾನಿ” ಎಂದಷ್ಟೇ ಹೇಳಿದ. ಅವನ ಬಾಯಿಂದ ಆ ಪದ ಹೊರಟ ಮೂರನೆಯ ರಾತ್ರಿ ಎರಡು ಬಾಗಿಲು ಚೌಕಟ್ಟು ಸಮೇತ ಮಾಯವಾದವು. ಅವನೇ ಕದ್ದನೆಂದು ನಾನು ಹೇಳುವುದಿಲ್ಲ. ಕಾವಲುಗಾರನನ್ನು ಹಾಕದೆ ಇದ್ದದ್ದು ನಾನು. ಠಾಣೆಗೆ ದೂರು ಕೊಡಲು ಹೋದಾಗ, ಬಾಗಿಲುಗಳ ಅಳತೆ ಎಷ್ಟು ಎಂದು ಕೇಳಿದರು. ಅದೂ ನನ್ನ ಬಳಿ ಇರಲಿಲ್ಲ. ಅಂದಿನಿಂದ ಕಟ್ಟಡ ಖಾಲಿಯಾದ ದಿನವೇ ಒಳಗಿನ ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಎಣಿಸಿ, ಫೋಟೊ ತೆಗೆಸಿ, ಪಂಚನಾಮೆ ಮಾಡಿಸುತ್ತೇನೆ.

ಸಾಮಾನ್ಯ ಸಭೆಗೆ ಮತ್ತೆ ವಿಷಯ ತಂದಾಗ, ಮಾರುವುದೋ ಬೇಡವೋ ಎಂಬ ಒಂದೇ ಪ್ರಶ್ನೆ ಇಡಲಿಲ್ಲ. ಜಾಗ, ಹಿಂದಿನ ವಾರ್ಡು, ಮುಂದಿನ ಕೋಣೆಗಳು ಎಂದು ಮೂರಾಗಿ ಒಡೆದೆ. ಜಗಳ ಆಯಿತು. ಮಳಿಗೆಯ ಆಸೆ ಇಟ್ಟುಕೊಂಡಿದ್ದವರು ದಾನಪತ್ರವನ್ನು ‘ಯಾರೋ ಬರೆದ ಹರಕು ಕಾಗದ’ ಎಂದರು. ಪೌರಾಯುಕ್ತರು ಸಲಹೆಗಾರರ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿಸಿದ ಮೇಲೆ ದನಿ ತಗ್ಗಿತು. ಜಾಗ ಮಾರಕೂಡದು. ವಾರ್ಡನ್ನು ಕೆಡವಿ ಸಾಮಗ್ರಿಯನ್ನು ಬಹಿರಂಗ ಹರಾಜು ಹಾಕುವುದು. ಮುಂದಿನ ಕೋಣೆಗಳಲ್ಲಿ ಒಂದನ್ನು ಪೌರಕಾರ್ಮಿಕರಿಗೆ ಬಿಟ್ಟು, ಉಳಿದವನ್ನು ಸಂತೆಗೆ ಬರುವ ಹೆಂಗಸರ ವಿಶ್ರಾಂತಿಗೆ, ಶೌಚಾಲಯಕ್ಕೆ ಬಳಸುವುದು; ನಿರ್ವಹಣೆ ಮಹಿಳಾ ಸ್ವಸಹಾಯ ಸಂಘಕ್ಕೆ. ಹರಾಜಿಗೆ ಠೇವಣಿ ಕಟ್ಟಿ ಬಂದವರು ಐದು ಜನ. ಮೊಳೆ ಚುಚ್ಚಿದವನೂ ಬಂದಿದ್ದ, ಆದರೆ ತೊಲೆಗಳು ಬೇರೊಬ್ಬನ ಪಾಲಾದವು. ಬಂದ ಹಣ ದುರಸ್ತಿಗೆ ಸಾಲಲಿಲ್ಲ. ಒಂದು ಕೋಣೆ ನಾನು ವರ್ಗವಾಗುವ ತನಕವೂ ಸೋರುತ್ತಿತ್ತು.

ಕೊನೆಗೆ ಆಸ್ತಿ ವಹಿಯಲ್ಲಿ ಹೊಸ ನಮೂದು ಮಾಡಿಸಿದೆ. ಉರ್ದು ಹಾಳೆಯ ಪ್ರತಿಗೆ ಮಾಸ್ತರರು ಬರೆದುಕೊಟ್ಟ ಕನ್ನಡವನ್ನು ಲಗತ್ತಿಸಿದೆ. ಅಳತೆಗೆ ಬಂದ ಹುಡುಗ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ವಿದ್ಯುತ್ ಕಂಬ’ ಎಂದು ಬರೆದಿದ್ದ. ಹೊಡೆದುಹಾಕಿಸಿ, ನಾಲ್ಕು ಮೂಲೆಗೂ ಕಲ್ಲು ನೆಡಿಸಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಅಡಿ ಎಂದು ಬರೆಸಿದೆ.